ಪ್ರೋಟೀನನ್ನೆಲ್ಲ ಮರೆಮಾಡಿದ ಮೇಲೂ ಪರದೆಯಲ್ಲಿ ಉಳಿದ ಆ ಬಾಲ ಯಾರದ್ದು?

ನೀಲಿ_ಶಾಯಿ

ನಮಸ್ಕಾರ. ಎಂಎಸ್‌ಸಿ ಎರಡನೇ ವರ್ಷದಲ್ಲಿದ್ದೀನಿ. ಪ್ರಶ್ನೆ ಸಣ್ಣದು, ಆದರೆ ಎರಡು ದಿನದಿಂದ ತಲೆ ಕೊರೀತಿದೆ.

ವೈರಸ್ ಅಂದರೆ ಒಳಗೆ ನ್ಯೂಕ್ಲಿಕ್ ಆಮ್ಲ, ಸುತ್ತ ಪ್ರೋಟೀನ್ ಕವಚ, ಕೆಲವಕ್ಕೆ ಮೇಲೊಂದು ಲಿಪಿಡ್ ಪೊರೆ ಅಂತ ಶಾಲೆಯಿಂದಲೂ ಬರೆದು ಅಂಕ ಗಿಟ್ಟಿಸಿದ್ದಾಗಿದೆ. ಮೊನ್ನೆ ಪೋಲಿಯೊವೈರಸ್ಸಿನ ರಚನೆಯ ಫೈಲ್ ಇಳಿಸಿಕೊಂಡು ನೋಡ್ತಾ ಕೂತಿದ್ದೆ. ಕವಚದ ಪ್ರೋಟೀನುಗಳಲ್ಲಿ ವಿಪಿ1ಕ್ಕೆ ನೀಲಿ, ವಿಪಿ2ಕ್ಕೆ ಹಸಿರು, ವಿಪಿ3ಕ್ಕೆ ಕೆಂಪು ಬಣ್ಣ ಕೊಟ್ಟು, ಆಮೇಲೆ ಆಟಕ್ಕೆ ಅಂತ ಪ್ರೋಟೀನನ್ನೆಲ್ಲ ಮರೆಮಾಡಿದೆ. ಪರದೆ ಖಾಲಿ ಆಗಬೇಕಿತ್ತಲ್ಲ? (ಆರ್‌ಎನ್‌ಎ ಆ ಫೈಲಿನಲ್ಲಿ ಇಲ್ಲ.) ಆಗಲಿಲ್ಲ. ಒಂದು ಉದ್ದನೆಯ ಬಾಲ ಉಳೀತು. ಇಂಗಾಲದ ಸರಪಳಿ, ಒಂದು ತುದಿಯಲ್ಲಿ ಎರಡು ಆಮ್ಲಜನಕ, ಒಂದು ಸಾರಜನಕ. ಹೆಸರಿನ ಜಾಗದಲ್ಲಿ ಸ್ಫಿಂಗೋಸೀನ್ ಅಂತಿದೆ. ಇಡೀ ಕವಚ ಕಟ್ಟಿ ನೋಡಿದರೆ 60 ಜಾಗದಲ್ಲೂ ಅದೇ ಬಾಲ.

ಗೈಡ್ ಹತ್ತಿರ ಕೇಳಿದೆ. "ಅದು ಪಾಕೆಟ್ ಫ್ಯಾಕ್ಟರ್, ಬಿಡು, ನಿನ್ನ ಕೆಲಸಕ್ಕೆ ಸಂಬಂಧ ಇಲ್ಲ" ಅಂದು ಮೀಟಿಂಗಿಗೆ ಹೋದರು. ವೈರಸ್ಸಿನ ಜೀನೋಮಿನಲ್ಲಿ ಇಲ್ಲದ ವಸ್ತು ಅದರ ರಚನೆಯಲ್ಲಿ 60 ಸಲ ಹೇಗೆ ಬಂತು? ಅದು ಮನೆಯವನೋ, ನೆಂಟನೋ?

ಇಪ್ಪತ್ತು_ಮುಖ

ಒಳ್ಳೇ ಪ್ರಶ್ನೆ. ಗೈಡ್ ಬಿಡು ಅಂದಿದ್ದು ಬೇಜಾರಾಯ್ತು.

ಮೊದಲು ಜಾಗ ನೋಡಿ. ಪೋಲಿಯೊ, ನೆಗಡಿಯ ರೈನೊವೈರಸ್ ಎಲ್ಲ ಒಂದೇ ಬಳಗ. ಸುಮಾರು 30 ನ್ಯಾನೋಮೀಟರಿನ ಉಂಡೆ, ವಿಪಿ1ರಿಂದ ವಿಪಿ4ರವರೆಗೆ ಒಂದೊಂದೂ 60 ಪ್ರತಿ. ಈ ಎರಡೂ ವೈರಸ್ಸುಗಳ ರಚನೆ ಹೊರಬಂದದ್ದು 1985ರಲ್ಲಿ. ರೈನೊವೈರಸ್ 14 ರಾಸ್‌ಮನ್ ತಂಡದಿಂದ, ಪೋಲಿಯೊ ಹೋಗ್ಲ್ ತಂಡದಿಂದ. ಕವಚದ ಮೇಲೆ ಪ್ರತಿ ಐದ್ಮಡಿ ಅಕ್ಷದ (ಐದು ವಿಪಿ1 ಕೂಡುವ ಜಾಗ) ಸುತ್ತ ಒಂದು ಕಂದಕ ಕಂಡಿತು. ಜೀವಕೋಶದ ಗ್ರಾಹಕ ಬಂದು ಕೂರೋದು ಆ ಕಂದಕದಲ್ಲೇ. ನಿಮ್ಮ ಬಾಲ ಇರೋದು ಕಂದಕದ ನೆಲದ ಕೆಳಗೆ, ವಿಪಿ1ರ ಹೊಟ್ಟೆಯೊಳಗಿನ ಒಂದು ಕಿರಿದಾದ, ನೀರಿಗೆ ಒಗ್ಗದ ಬಿಲದಲ್ಲಿ. ಪಾಕೆಟ್ ಅಂದರೆ ಆ ಬಿಲವೇ, ಅದರಲ್ಲಿ ಕೂತ ಅಣು ಪಾಕೆಟ್ ಫ್ಯಾಕ್ಟರ್.

ಈಗ ಯೋಚಿಸಿ. ನೆಲದ ಕೆಳಗೆ ಬಾಲ ತುಂಬಿಕೊಂಡಿದ್ದರೆ ನೆಲ ಗಟ್ಟಿ, ಬಾಲ ಜಾರಿದರೆ ನೆಲ ಕುಸಿಯುತ್ತೆ. ಗ್ರಾಹಕ ಮೇಲಿಂದ ಬಂದು ಒತ್ತಿದಾಗ ಬಾಲ ಹೊರಬೀಳುತ್ತೆ, ವಿಪಿ1 ಸಡಿಲವಾಗುತ್ತೆ, ಕವಚ ಬಿಚ್ಚಿಕೊಳ್ಳೋ ಹಾದಿ ಹಿಡಿಯುತ್ತೆ. ಅಂದರೆ ಅದು ಬಂದೂಕಿನ ಸೇಫ್ಟಿ ಪಿನ್ ಇದ್ದ ಹಾಗೆ. ವೈರಸ್ ಅದನ್ನು ತಾನು ತಯಾರಿಸಲ್ಲ. ಕಟ್ಟಿಕೊಳ್ಳುವ ಹೊತ್ತಿಗೆ ಜೀವಕೋಶದಲ್ಲಿ ಸಿಕ್ಕ ಕೊಬ್ಬಿನ ಅಣುವನ್ನು ಬಿಲಕ್ಕೆ ಸೇರಿಸಿಕೊಳ್ಳುತ್ತೆ.

ಹೆಸರಿನ ಬಗ್ಗೆ ಒಂದು ಮಾತು. ಸ್ಫಿಂಗೋಸೀನ್ ಅನ್ನೋ ಚೀಟಿಯನ್ನು ಅಷ್ಟು ಗಟ್ಟಿಯಾಗಿ ನಂಬಬೇಡಿ. ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ ಕಾಣೋದು ಒಂದು ಉದ್ದನೆಯ ಕೊಳವೆ ಅಷ್ಟೇ. ಅದರ ಉದ್ದಕ್ಕೆ ಹೊಂದೋ ಅಣುವನ್ನು ಅಲ್ಲಿ ಕೂರಿಸ್ತಾರೆ. ಇದೇ ವೈರಸ್ಸಿನ ಬೇರೆ ಫೈಲಿನಲ್ಲಿ ಅದೇ ಬಿಲದಲ್ಲಿ ಪಾಮಿಟಿಕ್ ಆಮ್ಲ ಅಂತ ಇದೆ.

ಅನುಮಾನದ_ಹುಳ

> ಸೇಫ್ಟಿ ಪಿನ್ ಇದ್ದ ಹಾಗೆ

ಸ್ವಲ್ಪ ತಾಳಿ. ಎಣ್ಣೆಗೆ ಮಾತ್ರ ಒಗ್ಗುವ ಬಿಲ ಅಂತ ನೀವೇ ಹೇಳಿದಿರಿ. ಅಂಥ ಬಿಲ ಇದ್ದ ಮೇಲೆ ಶುದ್ಧೀಕರಿಸುವಾಗ ಯಾವುದೋ ಜಿಡ್ಡು ಹೋಗಿ ಕೂರೋದು ಸಹಜ. ಕೂತಿದ್ದಕ್ಕೆಲ್ಲ ಕೆಲಸ ಇರಲೇಬೇಕು ಅಂತ ಯಾಕೆ? ನೀವೇ ಹೆಸರಿಸಿದ ರೈನೊವೈರಸ್ 14ರ ಬಿಲ 1985ರ ರಚನೆಯಲ್ಲಿ ಖಾಲಿ ಇತ್ತು. ಪಿನ್ ಇಲ್ಲದ ಬಂದೂಕು ಆರಾಮಾಗಿ ನೆಗಡಿ ಹಬ್ಬಿಸ್ತಾ ಇತ್ತಲ್ಲ?

ಇನ್ನೊಂದು. 1955ರಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ವಿಲಿಯಮ್ಸ್ ತಂಬಾಕಿನ ಮೊಸಾಯಿಕ್ ವೈರಸ್ಸನ್ನು ಬಿಡಿಸಿ, ಪ್ರೋಟೀನ್ ಒಂದು ಕಡೆ, ಆರ್‌ಎನ್‌ಎ ಒಂದು ಕಡೆ ಮಾಡಿ, ಮತ್ತೆ ಬೆರೆಸಿದಾಗ ಸೋಂಕು ತಗುಲಿಸೋ ಕಡ್ಡಿಗಳು ತಾವಾಗೇ ಕಟ್ಟಿಕೊಂಡವು. ಎರಡೇ ಸಾಮಾನು. ಮೂರನೆಯದ್ದು ಬೇಕಾಗಲಿಲ್ಲ. ಪಠ್ಯಪುಸ್ತಕ ಹೇಳಿದ್ದರಲ್ಲಿ ತಪ್ಪೇನಿಲ್ಲ.

ಇಪ್ಪತ್ತು_ಮುಖ

ರೈನೊವೈರಸ್ 14ರ ಮಾತು ಒಪ್ಪಿದೆ. ಎಲ್ಲ ತಳಿಯಲ್ಲೂ ಬಾಲ ಕಾಣಲ್ಲ. ಆದರೆ ಆ ಖಾಲಿ ಬಿಲವೇ ಉಪಕಾರ ಮಾಡ್ತು. ಸ್ಟರ್ಲಿಂಗ್-ವಿನ್‌ಥ್ರಾಪ್ ಕಂಪನಿಯ ವಿನ್ ಸರಣಿಯ ವೈರಸ್ ತಡೆಯೋ ಅಣುಗಳು 1986ರಲ್ಲಿ ಅದೇ ಬಿಲದಲ್ಲಿ ಕೂತಿದ್ದು ಕಣ್ಣಿಗೆ ಕಂಡಿತು. ಔಷಧ ಕೂತರೆ ಕಂದಕದ ನೆಲ ಉಬ್ಬುತ್ತೆ, ಆ ತಳಿಯಲ್ಲಿ ಗ್ರಾಹಕಕ್ಕೆ ಹಿಡಿತ ಸಿಗಲ್ಲ. ಬೇರೆ ತಳಿಗಳಲ್ಲಿ ಅಂಟಿಕೊಂಡರೂ ಕವಚ ಬಿಚ್ಚಲ್ಲ.

ಈಗ ನಿಮ್ಮ "ಕೆಲಸ ಇರಲೇಬೇಕಾ" ಅನ್ನೋ ಪ್ರಶ್ನೆಗೆ. 1993ರಲ್ಲಿ ಮಾಸರ್, ರೂಕರ್ಟ್ ಇಬ್ಬರೂ ಪೋಲಿಯೊ ಮೂರನೇ ಬಗೆಯಲ್ಲಿ ವಿಚಿತ್ರ ರೂಪಾಂತರಿಗಳನ್ನು ತೋರಿಸಿದರು. ಔಷಧ ಹಾಕಿ ಹಾಕಿ ಬೆಳೆಸಿದ ವೈರಸ್, ಕೊನೆಗೆ ಔಷಧ ಇಲ್ಲದಿದ್ದರೆ ಬದುಕದ ಹಾಗಾಯ್ತು. ಕೋಶದಿಂದ ಹೊರಬಿದ್ದ ಕಣಗಳು ಔಷಧ ಇಲ್ಲದ ದ್ರವದಲ್ಲಿ ತಾವಾಗೇ ಕೆಟ್ಟು ಹೋಗ್ತಿದ್ದವು. ವೈರಸ್ಸನ್ನು ಕೊಲ್ಲಲು ತಂದ ಅಣು ಅದರ ಊರುಗೋಲಾಯ್ತು! ಬಿಲದಲ್ಲಿ ಏನು ಕೂತಿದೆ ಅನ್ನೋದಕ್ಕೆ ಬೆಲೆಯೇ ಇಲ್ಲದಿದ್ದರೆ ಹೀಗಾಗ್ತಿತ್ತಾ?

ಅನುಮಾನದ_ಹುಳ

ಇದು ಗೊತ್ತಿರಲಿಲ್ಲ. ಒಪ್ಪುವಂಥ ಸಾಕ್ಷಿ. ಅರ್ಧ ಹೆಜ್ಜೆ ಹಿಂದಿಟ್ಟೆ ಅಂದುಕೊಳ್ಳಿ.

ಸುಮ್ನೆ_ಓದ್ತೀನಿ

ಹಾಗಾದ್ರೆ ನೆಗಡಿಗೆ ಆ ಔಷಧ ಯಾಕೆ ಸಿಗಲ್ಲ?

ಇಪ್ಪತ್ತು_ಮುಖ

ಅದೇ ಜಾತಿಯ ಪ್ಲೆಕೊನಾರಿಲ್ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಾಗಿಲವರೆಗೂ ಹೋಗಿತ್ತು. 2002ರಲ್ಲಿ ಸಲಹಾ ಸಮಿತಿ ಬೇಡ ಅಂದಿತು. ಯಕೃತ್ತಿನಲ್ಲಿ ಬೇರೆ ಔಷಧಗಳನ್ನು ಒಡೆಯೋ ಕಿಣ್ವವನ್ನು ಅದು ಜಾಸ್ತಿ ಮಾಡ್ತಿತ್ತು, ಗರ್ಭನಿರೋಧಕ ಮಾತ್ರೆಯ ಕೆಲಸಕ್ಕೂ ಅಡ್ಡಿಯಾಗೋ ಭಯ. ತಾನಾಗೇ ವಾಸಿಯಾಗೋ ನೆಗಡಿಗೆ ಅಷ್ಟು ರಿಸ್ಕ್ ಯಾರು ತಗೋತಾರೆ?

ಬಫರ್_ಮಾಸ್ತರು

ತಡವಾಗಿ ಬಂದೆ. ಎಲ್ಲರೂ ಕೊಬ್ಬಿನ ಬಾಲ ಹಿಡಿದು ಜಗ್ತಿದ್ದೀರಿ, ನಾನು ಅದಕ್ಕಿಂತ ಚಿಕ್ಕದರ ಕಥೆ ಹೇಳ್ತೀನಿ. ಒಂದೇ ಒಂದು ಅಯಾನು.

ಪಿಎಚ್‌ಡಿಯ ಮೊದಲ ವರ್ಷ ರೋಟಾವೈರಸ್ ಶುದ್ಧ ಮಾಡ್ತಿದ್ದೆ. ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹಾಕಿ ಸೆಂಟ್ರಿಫ್ಯೂಜಿನಲ್ಲಿ ರಾತ್ರಿಯೆಲ್ಲ ತಿರುಗಿಸಿದರೆ ಬೆಳಿಗ್ಗೆ ಕೊಳವೆಯಲ್ಲಿ ಎರಡು ಮಸುಕು ನೀಲಿ-ಬಿಳಿ ಪಟ್ಟಿ ಕಾಣಬೇಕು. ಮೇಲಿನದು ಮೂರು ಪದರದ ಪೂರ್ತಿ ವೈರಸ್, ಕೆಳಗಿನದು ಹೊರಪದರ ಕಳಚಿದ ಎರಡು ಪದರದ್ದು. ಒಂದು ದಿನ ಮೇಲಿನ ಪಟ್ಟಿ ಮಾಯ. ಎಲ್ಲ ಕೆಳಗೆ ಇಳಿದಿದೆ. ಟೈಟರ್ (ಸೋಂಕು ತಗುಲಿಸೋ ಕಣಗಳ ಲೆಕ್ಕ) ನೋಡಿದರೆ ಸೊನ್ನೆ. ಗ್ರಿಡ್ ಮೇಲೆ ಹಾಕಿ ಯುರೇನಿಲ್ ಅಸಿಟೇಟ್ ಬಳಿದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕೊಟ್ಟೆ. ಹಿಂದಿನ ವಾರದ ಕಣಗಳು ನುಣುಪು ಅಂಚಿನ ಗಾಲಿಗಳ ಹಾಗಿದ್ದವು. ಈ ವಾರದವು ಅಂಚೆಲ್ಲ ಕಚ್ಚುಕಚ್ಚು, ಯಾರೋ ಟೈರ್ ಬಿಚ್ಚಿಕೊಂಡು ಬರೀ ಚಕ್ರ ಬಿಟ್ಟು ಹೋದ ಹಾಗೆ.

ಮೂರು ದಿನ ರೋಟರನ್ನು ಬೈದೆ. ಸೀಸಿಯಂ ಡಬ್ಬ ಬದಲಾಯಿಸಿದೆ. ಕೊನೆಗೆ ಬಫರ್ ಬಾಟಲಿಯ ಮೇಲೆ ನನ್ನದೇ ಕೈಬರಹ ಕಂಡಿತು: ಟ್ರಿಸ್, ಉಪ್ಪು, ಇಡಿಟಿಎ. ಡಿಎನ್‌ಎ ಕೆಲಸದ ಅಭ್ಯಾಸಬಲ, ಕೈ ತಾನಾಗೇ ಇಡಿಟಿಎ ಸುರಿದಿತ್ತು. ಇಡಿಟಿಎ ಕ್ಯಾಲ್ಸಿಯಂ ಕಿತ್ತುಕೊಂಡಿತ್ತು, ಹೊರಪದರ ಪೂರ್ತಿ ಉದುರಿತ್ತು.

ಲೆಕ್ಕ ನೋಡಿ. ಹೊರಪದರದ ವಿಪಿ7 ಪ್ರೋಟೀನು ಮೂರು ಮೂರರ ಗುಂಪಾಗಿ 260 ಗುಂಪು. ಒಂದೊಂದು ಗುಂಪಿನೊಳಗೆ ಪ್ರೋಟೀನುಗಳ ಸಂದಿಗೆ ಎರಡೆರಡರಂತೆ ಆರು ಕ್ಯಾಲ್ಸಿಯಂ. ಒಟ್ಟು 1,560. ಇಷ್ಟನ್ನು ತೆಗೆದರೆ 780 ಪ್ರೋಟೀನಿನ ಗೋಡೆ ನಿಲ್ಲಲ್ಲ, ಮುಳ್ಳುಗಳ ವಿಪಿ4ನ್ನೂ (ಪೋಲಿಯೊದ ವಿಪಿ4 ಅಲ್ಲ, ಹೆಸರಷ್ಟೇ ಒಂದು) ಎಳ್ಕೊಂಡು ಬೀಳುತ್ತೆ. ನನ್ನ ಸೋಂಕಿನ ಸೊನ್ನೆಗೆ ಅದೇ ಕಾರಣ.

ಸೊಗಸು ಇರೋದು ಮುಂದೆ. ಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಸುಮಾರು 1 ಮಿಲಿಮೋಲಾರ್, ಕೋಶದ್ರವದಲ್ಲಿ ಅದರ ಹತ್ತು ಸಾವಿರದ ಒಂದು ಪಾಲು. ಹೊರಗಿರುವಾಗ ಕವಚ ಬಿಗಿ, ಒಳಹೊಕ್ಕು ಕ್ಯಾಲ್ಸಿಯಂ ಇಳಿದ ಕೂಡಲೇ ಹೊರಪದರ ಕಳಚು. ಉಳಿದ ಎರಡು ಪದರದ ಕಣ ಆ ಗಳಿಗೆಯಿಂದ ತನ್ನ 11 ಆರ್‌ಎನ್‌ಎ ತುಂಡುಗಳ ನಕಲು ತೆಗೆದು ಹೊರಗೆ ತಳ್ಳೋಕೆ ಶುರು. ನಾನು ಬಾಟಲಿಯಲ್ಲಿ ತಪ್ಪಿ ಮಾಡಿದ್ದನ್ನು ವೈರಸ್ ಕೋಶದಲ್ಲಿ ಬೇಕಂತಲೇ ಮಾಡಿಸಿಕೊಳ್ಳುತ್ತೆ.

ನೀಲಿ_ಶಾಯಿ

ಮಾಸ್ತರೇ, ಆ ಬಾಟಲಿ ಕಥೆ ನಮ್ಮ ಲ್ಯಾಬಿನ ಗೋಡೆಗೆ ಅಂಟಿಸ್ತೀನಿ 😀

ಅಂದರೆ ವೈರಸ್ಸಿಗೆ ಗಟ್ಟಿಯಾಗಿರೋದಷ್ಟೇ ಮುಖ್ಯ ಅಲ್ಲ ಅಂತಾಯ್ತು?

ಬಫರ್_ಮಾಸ್ತರು

ಗಟ್ಟಿಯಾಗೇ ಇರೋ ವೈರಸ್ ಕಲ್ಲು. ಸಡಿಲವಾಗೇ ಇರೋದು ಕಸ. ಬಿಚ್ಚೋ ಜಾಗ ಬಂತು ಅಂತ ಗೊತ್ತಾಗೋಕೆ ಒಂದು ಗುರುತು ಬೇಕು. ಹೊರಗೆ ಒಂದು ಥರ, ಒಳಗೆ ಇನ್ನೊಂದು ಥರ ಇರೋ ಯಾವುದಾದರೂ ಆಗುತ್ತೆ.

ಇಪ್ಪತ್ತು_ಮುಖ

ಹುಳ ಅವರೇ, ನಿಮ್ಮ ತಂಬಾಕಿನ ಸಾಕ್ಷಿಯನ್ನೇ ಸ್ವಲ್ಪ ತಿರುಗಿಸ್ತೀನಿ. ಆ ಕಡ್ಡಿಯಲ್ಲಿ 2,130 ಪ್ರೋಟೀನು, 6,395 ಬೇಸಿನ ಆರ್‌ಎನ್‌ಎ, ಒಬ್ಬೊಬ್ಬನ ಪಾಲಿಗೆ ಮೂರು ಬೇಸ್. ಅಚ್ಚುಕಟ್ಟು. ಆದರೆ ಪಕ್ಕಪಕ್ಕದ ಪ್ರೋಟೀನುಗಳ ನಡುವೆ ಕಾರ್ಬಾಕ್ಸಿಲ್ ಗುಂಪುಗಳು ಎದುರುಬದುರು ಕೂತಿವೆ. ಎರಡಕ್ಕೂ ಋಣ ಆವೇಶ, ಒಂದನ್ನೊಂದು ತಳ್ಳುತ್ತವೆ. ಕ್ಯಾಸ್ಪರ್ ಇದನ್ನು 1960ರ ದಶಕದಲ್ಲೇ ಗುರುತಿಸಿದ್ದರು. ಹೊರಗೆ ಪ್ರೋಟಾನೋ ಕ್ಯಾಲ್ಸಿಯಮ್ಮೋ ನಡುವೆ ನಿಂತು ಜಗಳ ತಡೆಯುತ್ತೆ. ಸಸ್ಯಕೋಶದೊಳಗೆ ಕ್ಯಾಲ್ಸಿಯಂ ಕಡಿಮೆಯಾದಾಗ ಜಗಳ ಶುರು, ಕಡ್ಡಿಯ ಒಂದು ತುದಿ ಬಿಚ್ಚಿಕೊಳ್ಳುತ್ತೆ. ನಿಮ್ಮ ಎರಡೇ ಸಾಮಾನಿನ ವೈರಸ್ಸಿಗೂ ಮೂರನೆಯವನ ಕಾವಲಿದೆ.

1978ರಲ್ಲಿ ಹ್ಯಾರಿಸನ್ ತಂಡ ಟೊಮ್ಯಾಟೊ ಬುಷಿ ಸ್ಟಂಟ್ ವೈರಸ್ಸಿನ ರಚನೆಯನ್ನು 2.9 ಆಂಗ್‌ಸ್ಟ್ರಮ್ ವಿವರದಲ್ಲಿ ಬಿಡಿಸಿತು, ವೈರಸ್ಸುಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ಅದರ 180 ಪ್ರೋಟೀನುಗಳ ಸಂದಿಗಳಲ್ಲೂ ಕ್ಯಾಲ್ಸಿಯಂ. ಅದನ್ನು ತೆಗೆದು ಆಮ್ಲೀಯತೆ ಇಳಿಸಿದರೆ ಕಣ ಉಬ್ಬಿಕೊಳ್ಳುತ್ತೆ. ಹಳೇ ಸಂಗತಿ. ಪಠ್ಯಪುಸ್ತಕದ ಚಿತ್ರಕ್ಕೆ ಮಾತ್ರ ಇನ್ನೂ ಬಂದಿಲ್ಲ.

ಅನುಮಾನದ_ಹುಳ

ಆಯ್ತು, ಅಯಾನುಗಳನ್ನು ಒಪ್ಪಿದೆ. ಆದರೂ ಇವೆಲ್ಲ ಕಟ್ಟಿದ ಮೇಲೆ ಬಂದು ಸೇರೋ ಬೀಗ-ಚಿಲಕ. ಕಟ್ಟುವಾಗಲೇ ಇಲ್ಲದಿದ್ದರೆ ಆಗದು ಅನ್ನೋ ಸಣ್ಣ ಅಣು ಒಂದಾದರೂ ತೋರಿಸಿ.

ಮಸೂರ

ಕ್ರಯೋ-ಇಎಂ (ಹೆಪ್ಪುಗಟ್ಟಿಸಿದ ಮಾದರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡೋದು) ಮಾಡೋಳು ನಾನು, ಇದು ನನ್ನ ಪಾಲಿಗೆ ಬಂದ ಪ್ರಶ್ನೆ. ಉತ್ತರ: ಎಚ್‌ಐವಿ ಮತ್ತು ಐಪಿ6.

ಐಪಿ6 ಅಂದರೆ ಇನಾಸಿಟಾಲ್ ಹೆಕ್ಸಾಕಿಸ್‌ಫಾಸ್ಫೇಟ್. ಆರು ಇಂಗಾಲದ ಉಂಗುರ, ಒಂದೊಂದು ಇಂಗಾಲಕ್ಕೂ ಒಂದು ಫಾಸ್ಫೇಟ್. ಇಷ್ಟು ಚಿಕ್ಕ ಅಣುವಿನಲ್ಲಿ ಇಷ್ಟೊಂದು ಋಣ ಆವೇಶ ಇರೋದು ಅಪರೂಪ. ಸಸ್ಯಗಳು ಬೀಜದಲ್ಲಿ ರಂಜಕ ಕೂಡಿಡೋದು ಇದೇ ರೂಪದಲ್ಲಿ, ಫೈಟೇಟ್ ಅನ್ನೋದು ಇದನ್ನೇ. ನಮ್ಮ ಕೋಶಗಳಲ್ಲೂ ಸದಾ ಇರುತ್ತೆ.

ಎಚ್‌ಐವಿಯ ಒಳಕವಚ ಇಪ್ಪತ್ತು ಮುಖದ ಉಂಡೆಯಲ್ಲ, ಶಂಕುವಿನಾಕಾರ. ಅದನ್ನು ಕಟ್ಟೋ ಸಿಎ ಅನ್ನೋ ಪ್ರೋಟೀನು ಸುಮಾರು 1,500, ಆರಾರರ ಸುಮಾರು 250 ಗುಂಪು, ಐದೈದರ ಗುಂಪು ಸರಿಯಾಗಿ 12. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, 12 ಇದ್ದರೇ ಮೇಲ್ಮೈ ಮುಚ್ಚಿಕೊಳ್ಳೋದು. ಪ್ರತಿ ಆರರ ಗುಂಪಿನ ನಡುವೆ ಒಂದು ರಂಧ್ರ, ರಂಧ್ರದ ಸುತ್ತ 18ನೇ ಸ್ಥಾನದ ಆರ್ಜಿನೈನುಗಳು ಆರು. ಎಲ್ಲವೂ ಧನ ಆವೇಶ, ಮೂತಿಗೆ ಮೂತಿ ಕೊಟ್ಟು ನಿಂತಿವೆ. ಇಂಥ ವಿನ್ಯಾಸ ನಿಲ್ಲೋದೇ ಕಷ್ಟ. 2016ರಲ್ಲಿ ಈ ರಂಧ್ರದಿಂದಲೇ ಡಿಎನ್‌ಎ ಕಟ್ಟಲು ಬೇಕಾದ ನ್ಯೂಕ್ಲಿಯೊಟೈಡುಗಳು ಒಳಗೆ ಹೋಗ್ತವೆ ಅಂತ ತಿಳೀತು. 2018ರಲ್ಲಿ ಎರಡು ತಂಡಗಳು ಬೇರೆ ಬೇರೆ ದಾರಿಯಿಂದ ಐಪಿ6ಗೆ ಬಂದು ತಲುಪಿದವು. ಆರು ಆರ್ಜಿನೈನಿನ ಉಂಗುರದ ನಡುವೆ ಆರು ಫಾಸ್ಫೇಟಿನ ಐಪಿ6 ಅಳತೆ ತೆಗೆದು ಮಾಡಿಸಿದ ಹಾಗೆ ಕೂರುತ್ತೆ. ಐಪಿ6 ಇಲ್ಲದೆ ನಿಮಿಷಗಳಲ್ಲಿ ಕುಸಿಯೋ ಕವಚ ಅದಿದ್ದರೆ ಗಂಟೆಗಟ್ಟಲೆ ನಿಲ್ಲುತ್ತೆ.

ಇಲ್ಲಿವರೆಗೆ ಹುಳ ಅವರ ಬೀಗ-ಚಿಲಕವೇ. ಈಗ ಕಟ್ಟುವ ಹೊತ್ತು. ಎಚ್‌ಐವಿ ಮೊದಲು ಕಟ್ಟೋದು ಈ ಶಂಕುವನ್ನಲ್ಲ. ಗ್ಯಾಗ್ ಅನ್ನೋ ಉದ್ದನೆಯ ಪ್ರೋಟೀನುಗಳು ಪೊರೆಯ ಒಳಮೈಗೆ ಸೇರಿ ಒಂದು ಅಪಕ್ವ ಉಂಡೆ ಕಟ್ಟುತ್ತವೆ. ಅಲ್ಲೂ ಆರಾರರ ಗುಂಪು, ಅಲ್ಲಿ ಎರಡು ಸುತ್ತು ಲೈಸೀನು. ಆ ಲೈಸೀನುಗಳ ನಡುವೆಯೂ ಐಪಿ6! ಪ್ರೋಟೀನು ಮತ್ತು ನ್ಯೂಕ್ಲಿಕ್ ಆಮ್ಲದ ಜೊತೆ ಕೊಳವೆಯಲ್ಲಿ ಐಪಿ6 ಹಾಕಿದರೆ ಅಪಕ್ವ ಉಂಡೆಗಳು ಎದ್ದು ಬರ್ತವೆ, ಹಾಕದಿದ್ದರೆ ತೀರಾ ಕಡಿಮೆ. ಆಮೇಲೆ ಪ್ರೋಟಿಯೇಸ್ ಅನ್ನೋ ಕಿಣ್ವ ಗ್ಯಾಗನ್ನು ಕತ್ತರಿಸಿದಾಗ ಆ ಐಪಿ6 ಬಿಡುಗಡೆಯಾಗಿ, ಪಕ್ವ ಶಂಕುವಿನ ಆರ್ಜಿನೈನ್ ಉಂಗುರಕ್ಕೆ ಹೋಗಿ ಕೂರುತ್ತೆ. ಒಂದು ಅಣು, ಎರಡು ಮನೆ, ಎರಡಕ್ಕೂ ಅದೇ ತೊಲೆ.

ಆ ಎರಡರಲ್ಲಿ ಒಂದು ಪ್ರಬಂಧದ ಶೀರ್ಷಿಕೆಯಲ್ಲೇ ಐಪಿ6 ಅನ್ನು ಎಚ್‌ಐವಿಯ ಪಾಕೆಟ್ ಫ್ಯಾಕ್ಟರ್ ಅಂತ ಕರೆದಿದ್ದಾರೆ. ನೀಲಿ ಶಾಯಿಯವರೇ, ನಿಮ್ಮ ಬಾಲಕ್ಕೆ ಎಂಥ ನೆಂಟಸ್ತನ ನೋಡಿ.

ಅನುಮಾನದ_ಹುಳ

ಸೋತೆ, ಮೇಡಂ. ಕೇಳಿದ್ದು ನಾನೇ.

ಒಂದೇ ಒಂದು ಉಳೀತು. ಕೋಶದಲ್ಲಿ ಐಪಿ6 ತಯಾರಿಸೋ ಕಿಣ್ವವನ್ನೇ ತೆಗೆದರೆ ಎಚ್‌ಐವಿ ಪೂರ್ತಿ ನಿಲ್ಲಬೇಕಲ್ಲ?

ಮಸೂರ

ಪೂರ್ತಿ ನಿಲ್ಲಲ್ಲ. ತುಂಬಾ ಇಳಿಯುತ್ತೆ. ಒಂದು ಫಾಸ್ಫೇಟ್ ಕಡಿಮೆ ಇರೋ ಐಪಿ5 ಬದಲಿಗೆ ಬಂದು ಕೂರುತ್ತೆ. ಊರಿಗೊಬ್ಬನೇ ಬಡಗಿ ಅಂತ ವೈರಸ್ ಯಾವತ್ತೂ ನಂಬಿ ಕೂರಲ್ಲ.

ಸುಮ್ನೆ_ಓದ್ತೀನಿ

ಆರು ತಿಂಗಳಿಗೊಮ್ಮೆ ಚುಚ್ಚೋ ಎಚ್‌ಐವಿ ಔಷಧ ಕೂಡ ಈ ರಂಧ್ರಕ್ಕೇನಾ?

ಮಸೂರ

ಲೆನಾಕಪಾವಿರ್. ಅದು ಕೂರೋದು ರಂಧ್ರದಲ್ಲಲ್ಲ, ಅಕ್ಕಪಕ್ಕದ ಎರಡು ಸಿಎ ಪ್ರೋಟೀನುಗಳ ನಡುವಿನ ಇನ್ನೊಂದು ಗುಳಿಯಲ್ಲಿ. ಕೋಶಕೇಂದ್ರಕ್ಕೆ ಹೋಗುವ ದಾರಿಯಲ್ಲಿ ಸಿಪಿಎಸ್‌ಎಫ್6, ನಪ್153 ಅನ್ನೋ ನಮ್ಮದೇ ಪ್ರೋಟೀನುಗಳು ಹಿಡಿದುಕೊಳ್ಳೋ ಹಿಡಿಕೆ ಅದು. ಔಷಧ ಅಲ್ಲಿ ಕೂತರೆ ಹಿಡಿಕೆ ಸಿಗಲ್ಲ. ಜೊತೆಗೆ ಆರರ ಗುಂಪುಗಳನ್ನು ವಿಪರೀತ ಬಿಗಿ ಮಾಡುತ್ತೆ, ಬಾಗಬೇಕಾದ ಕಡೆ ಬಾಗದೆ ಶಂಕು ಬಿರುಕು ಬಿಡುತ್ತೆ. ಚಿಕಿತ್ಸೆಗೆ 2022ರ ಕೊನೆಯಲ್ಲಿ, ಸೋಂಕು ತಡೆಯಲು 2025ರ ಜೂನಿನಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಫಲಿತಾಂಶ ಬಂದ ಪರೀಕ್ಷೆಯಲ್ಲಿ ಇದನ್ನು ತಗೊಂಡ 2,134 ಮಹಿಳೆಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ.

ಫೇಜ್_ಪ್ರೇಮಿ

ಸಣ್ಣ ಅಣುಗಳ ಗಲಾಟೆಯಲ್ಲಿ ಪ್ರೋಟೀನುಗಳನ್ನು ಮರೆತಿರಿ. ಕವಚದಲ್ಲಿ ಉಳಿಯದ, ಆದರೆ ಇಲ್ಲದಿದ್ದರೆ ಕವಚವೇ ಆಗದ ಪ್ರೋಟೀನುಗಳಿವೆ ಸ್ವಾಮಿ.

ಫೇಜ್ ಅಂದರೆ ಬ್ಯಾಕ್ಟೀರಿಯಾಗೆ ಬೀಳೋ ವೈರಸ್. ಸಾಲ್ಮೊನೆಲ್ಲಾಗೆ ಬೀಳೋ ಪಿ22 ಫೇಜ್ ತಗೊಳ್ಳಿ. ಕವಚದ ಪ್ರೋಟೀನಿನ ಜೊತೆ ಸುಮಾರು 300 ಸಾರುವೆ ಪ್ರೋಟೀನು ಸೇರಿ ಮೊದಲ ಉಂಡೆ ಕಟ್ಟುತ್ತೆ. ಸಾರುವೆ ಇಲ್ಲದಿದ್ದರೆ ಸೊಟ್ಟ ಚಿಪ್ಪುಗಳು, ಸುರುಳಿಗಳು. ಡಿಎನ್‌ಎ ತುಂಬೋ ಹೊತ್ತಿಗೆ ಆ ಸಾರುವೆ ಅಷ್ಟೂ ಗೋಡೆಯ ಸಂದಿಯಿಂದ ಹೊರಗೆ ಬಂದು, ಮುರಿಯದೆ, ಮುಂದಿನ ಕಟ್ಟಡಕ್ಕೆ ಹೋಗುತ್ತೆ. ಕಿಂಗ್ ಮತ್ತು ಕ್ಯಾಸ್‌ಜೆನ್ಸ್ 1974ರಲ್ಲೇ ತೋರಿಸಿದ್ದು. ಒಂದೊಂದು ಅಣು ಸರಾಸರಿ ಐದು ಸಲ ದುಡಿಯುತ್ತೆ. ಮುಗಿದ ವೈರಸ್ಸಿನ ಫೈಲ್ ತೆರೆದು ಹುಡುಕಿದರೆ ಇದರ ಸುಳಿವೇ ಇಲ್ಲ. ಪರದೆಯಲ್ಲಿ ಕಾಣದ್ದೂ ಕೆಲಸ ಮಾಡಿರುತ್ತೆ ಅಂತ ನೆನಪಿರಲಿ.

ಎಚ್‌ಕೆ97 ಫೇಜಂತೂ ಅಕ್ಕಪಕ್ಕದ ಪ್ರೋಟೀನುಗಳ ಲೈಸೀನನ್ನೂ ಆಸ್ಪರಾಜಿನನ್ನೂ ತಾನೇ ಬೆಸೆದುಕೊಂಡು, ಉಂಗುರದೊಳಗೆ ಉಂಗುರ ತೂರಿಸಿ ಕಬ್ಬಿಣದ ಬಲೆಯಂಗಿ ಹಾಕಿಕೊಳ್ಳುತ್ತೆ. ಯಾವ ಕಿಣ್ವದ ಹಂಗೂ ಇಲ್ಲ.

ಒಳಗಿರೋ ಡಿಎನ್‌ಎ ಕಡೆಗೂ ಒಮ್ಮೆ ನೋಡಿ. ಟಿ4 ಫೇಜಿನ ಡಿಎನ್‌ಎ ಬಿಡಿಸಿಟ್ಟರೆ ಸುಮಾರು 57 ಮೈಕ್ರೋಮೀಟರ್, ಅದನ್ನು ತುಂಬೋ ತಲೆಯ ಉದ್ದ 120 ನ್ಯಾನೋಮೀಟರ್. ಉದ್ದಕ್ಕೂ ಋಣ ಆವೇಶ, ತನ್ನನ್ನೇ ತಾನು ತಳ್ಳುತ್ತೆ. ಅದನ್ನು ಸಮಾಧಾನ ಮಾಡೋದರಲ್ಲಿ ಬ್ಯಾಕ್ಟೀರಿಯಾದ ಪಾಲಿಅಮೈನುಗಳದ್ದೂ (ಧನ ಆವೇಶದ ಸಣ್ಣ ಅಣುಗಳು) ಪಾಲಿದೆ. ಪ್ಯುಟ್ರೆಸಿನ್, ಸ್ಪರ್ಮಿಡೀನ್. ಹರ್ಪಿಸ್ ವೈರಸ್ಸಿನಲ್ಲಿ ಇನ್ನೂ ಮಜಾ. 1971ರಲ್ಲಿ ಗಿಬ್ಸನ್, ರೋಯಿಜ್‌ಮನ್ ನೋಡಿದಾಗ ಸ್ಪರ್ಮೀನ್ ಒಳಕವಚದಲ್ಲಿ, ಸ್ಪರ್ಮಿಡೀನ್ ಹೊರಪೊರೆಯಲ್ಲಿ. ಬೇರೆ ಬೇರೆ ಕೋಣೆ!

ಅನುಮಾನದ_ಹುಳ

ಎಚ್‌ಐವಿ ಒಳಗೆ ಸಿಗೋ ಸೈಕ್ಲೊಫಿಲಿನ್ ಎ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ. ಅದು ನಮ್ಮ ಕೋಶದ ಪ್ರೋಟೀನು, ಹತ್ತು ಸಿಎಗೆ ಸುಮಾರು ಒಂದರಂತೆ ಕಣದೊಳಗೆ ಹೋಗುತ್ತೆ. ಸಿಎ ಜೊತೆ ಅದರ ಅಂಟು 1993ರಲ್ಲೇ ಗೊತ್ತಾಗಿತ್ತು. ಬಹಳ ಕಾಲ ಕವಚ ಬಿಚ್ಚೋಕೆ ಬೇಕು ಅಂತಿದ್ದರು. ಈಗ ನೋಡಿದರೆ ಮುಖ್ಯ ಕೆಲಸ ಬೇರೆ: ಸೋಂಕು ತಗುಲಿದ ಕೋಶದಲ್ಲಿ ಸೈಕ್ಲೊಫಿಲಿನ್ ಕವಚವನ್ನು ಮುಚ್ಚಿಕೊಂಡು ಟ್ರಿಮ್5 ಅನ್ನೋ ಕಾವಲುಗಾರನ ಕಣ್ಣಿಂದ ಮರೆಮಾಡುತ್ತೆ. ಅಂದರೆ ಕಣದಲ್ಲಿ ಸಿಕ್ಕಿತು ಅಂದಮಾತ್ರಕ್ಕೆ ಗೋಡೆಯ ಇಟ್ಟಿಗೆ ಅಂತ ತೀರ್ಮಾನ ಬೇಡ. ನನ್ನ ಅನುಮಾನಕ್ಕೂ ಸ್ವಲ್ಪ ಜಾಗ ಉಳೀಲಿ.

ಮಸೂರ

ಒಪ್ಪಿದೆ, ಇದು ಸರಿಯಾದ ಎಚ್ಚರಿಕೆ. ನಮ್ಮ ಲ್ಯಾಬಿನಲ್ಲೂ ನಕ್ಷೆಯಲ್ಲಿ ಗುಡ್ಡೆ ಕಂಡಾಗ ಮೊದಲು ಕೇಳೋದು ಡಿಟರ್ಜೆಂಟಾ ಅಂತಲೇ. ಆಮೇಲೆ ಆ ಗುಳಿಯ ಅಮೈನೋ ಆಮ್ಲ ಬದಲಾಯಿಸಿ ವೈರಸ್ಸಿಗೆ ಏನಾಗುತ್ತೆ ನೋಡ್ತೀವಿ. 2020ರಲ್ಲಿ ಕೊರೊನಾದ ಸ್ಪೈಕ್ ಪ್ರೋಟೀನಿನ ಬಿಲದಲ್ಲಿ ಲಿನೊಲೆಯಿಕ್ ಆಮ್ಲ ಕಂಡಾಗಲೂ, ಅದಿದ್ದರೆ ಸ್ಪೈಕ್ ಮುಚ್ಚಿದ ಭಂಗಿಯಲ್ಲೇ ಉಳಿಯುತ್ತೆ, ಗ್ರಾಹಕಕ್ಕೆ ಅಂಟೋದು ಕಡಿಮೆಯಾಗುತ್ತೆ ಅಂತ ಅಳೆದು ತೋರಿಸಿದ ಮೇಲೇ ಆ ಗುಡ್ಡೆಗೆ ತೂಕ ಬಂದಿದ್ದು.

ನೀಲಿ_ಶಾಯಿ

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಓದಿ ಅದೇ ಫೈಲನ್ನು ಮತ್ತೆ ತೆರೆದೆ. ಇನ್ನೊಂದು ಬಾಲ ಇದೆ! ಮೊನ್ನೆ ವಿಪಿ4 ಜೊತೆ ಅದೂ ಮರೆಯಾಗಿತ್ತು. ಸ್ವಲ್ಪ ಗಿಡ್ಡ, 14 ಇಂಗಾಲ. ಬಿಲದಲ್ಲಿಲ್ಲ, ಕವಚದ ಒಳಮೈಯಲ್ಲಿ ಐದ್ಮಡಿ ಅಕ್ಷದ ಹತ್ತಿರ ಐದೈದು ಗುಂಪಾಗಿ ನಿಂತಿವೆ. ಇದೂ ಪಾಕೆಟ್ ಫ್ಯಾಕ್ಟರಾ?

ಇಪ್ಪತ್ತು_ಮುಖ

ಅಲ್ಲ. ಅದು ಮಿರಿಸ್ಟಿಕ್ ಆಮ್ಲ. ವಿಪಿ4ರ ಮೊದಲ ಗ್ಲೈಸೀನಿಗೆ ಗಟ್ಟಿ ಬಂಧದಿಂದಲೇ ಅಂಟಿದೆ, 1987ರಲ್ಲಿ ಕಂಡುಕೊಂಡದ್ದು. ಅಂಟಿಸಿದ್ದು ಕೋಶದ ಕಿಣ್ವ, ಅಂಟಿಸು ಅನ್ನೋ ಸೂಚನೆ ಬರೆದಿರೋದು ವೈರಸ್ಸಿನ ಆರ್‌ಎನ್‌ಎಯಲ್ಲಿ. ಕವಚ ಬಿಚ್ಚಿಕೊಳ್ಳುವಾಗ ವಿಪಿ4 ಹೊರಬಂದು ಕೋಶದ ಪೊರೆಗೆ ಚುಚ್ಚಿಕೊಳ್ಳೋದಕ್ಕೆ ಈ ಬಾಲ ಬೇಕು.

ಅನುಮಾನದ_ಹುಳ

ಅಣು ಕೋಶದ್ದು, ಅಂಟಿಸಿದ ಕೈ ಕೋಶದ್ದು, ಆರ್ಡರ್ ಮಾತ್ರ ವೈರಸ್ಸಿನದ್ದು. ಇದನ್ನು ಮನೆಯವನ ಲೆಕ್ಕಕ್ಕೆ ಹಾಕ್ತೀರೋ ನೆಂಟನ ಲೆಕ್ಕಕ್ಕೋ?

ನೀಲಿ_ಶಾಯಿ

ಮನೆ ಅಳಿಯ 😀 ನಾಳೆ ಗೈಡ್‌ಗೆ ಎರಡೂ ಬಾಲ ತೋರಿಸ್ತೀನಿ. ಮೀಟಿಂಗ್ ಇಲ್ಲದ ಹೊತ್ತು ನೋಡಿಕೊಂಡು.